ಆರೋಗ್ಯ ರಾಜ್ಯಗಳ ವಿಷಯ ಅಂತಾರಲ್ಲ, ಹಾಗಾದರೆ 2020ರಲ್ಲಿ ಕೇಂದ್ರ ಸರ್ಕಾರ ಇಡೀ ದೇಶಕ್ಕೆ ಲಾಕ್‌ಡೌನ್ ಹೇರಿದ್ದು ಹೇಗೆ?
2005ರ ವಿಪತ್ತು ನಿರ್ವಹಣಾ ಕಾಯ್ದೆಯ ಬಲದಿಂದ. ಸಾರ್ವಜನಿಕ ಆರೋಗ್ಯ ಸಂವಿಧಾನದ ರಾಜ್ಯಪಟ್ಟಿಯಲ್ಲಿ, ಅಂದರೆ ರಾಜ್ಯಗಳು ಕಾನೂನು ಮಾಡುವ ವಿಷಯಗಳ ಪಟ್ಟಿಯಲ್ಲಿ ಇರುವುದು ನಿಜ. ಮುಂಬೈ ಕಡೆ ಪ್ಲೇಗ್ ಹಬ್ಬಿದಾಗ ಬ್ರಿಟಿಷರು ತಂದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯೂ ಹೆಚ್ಚಿನ ಅಧಿಕಾರ ಕೊಟ್ಟಿದ್ದು ರಾಜ್ಯಗಳಿಗೇ. ಕೇಂದ್ರದ ಪಾಲಿಗೆ ಆಗ ಇದ್ದದ್ದು ಬಂದರು, ಹಡಗುಗಳ ತಪಾಸಣೆಯಂಥ ಅಧಿಕಾರವಷ್ಟೇ. ಅದಕ್ಕೇ ಕೇಂದ್ರ ಕೋವಿಡ್ಡನ್ನು ‘ವಿಪತ್ತು’ ಎಂದು ಪರಿಗಣಿಸಿತು. ಒಮ್ಮೆ ವಿಪತ್ತು ಎಂದಾದ ಮೇಲೆ, ವಿಪತ್ತು ನಿರ್ವಹಣಾ ಕಾಯ್ದೆಯಡಿ ಕೇಂದ್ರ ಕೊಡುವ ನಿರ್ದೇಶನಗಳನ್ನು ರಾಜ್ಯಗಳು ಪಾಲಿಸಲೇಬೇಕು. ಪ್ರವಾಹ, ಭೂಕಂಪಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಕಾನೂನು ಎಂಬುದು ಓದಿದರೇ ಗೊತ್ತಾಗುತ್ತದೆ, ಆದರೂ ಕೆಲಸಕ್ಕೆ ಬಂತು. ಗೃಹ ಸಚಿವಾಲಯದ ಆದೇಶ ಮಾರ್ಚ್ 24ರಂದು ಹೊರಬಿತ್ತು. ಮುಂದೆ ಬಂದ ಮಾರ್ಗಸೂಚಿಗಳಲ್ಲಿ ರಾಜ್ಯಗಳು ನಿಯಮ ಬಿಗಿ ಮಾಡಬಹುದಿತ್ತು, ಸಡಿಲಿಸುವಂತಿರಲಿಲ್ಲ. ಉಲ್ಲಂಘಿಸಿದವರಿಗೆ 51ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ. ಅದರಿಂದ ಜೀವಹಾನಿಯಾದರೆ ಎರಡು ವರ್ಷದವರೆಗೆ.