ಸಂಪಾದಕರ ಉತ್ತರ: ಭತ್ತದ ಕಾಳಿನ ಲೆಕ್ಕ

ಕಾರಟಗಿಯ ರೈಸ್‌ಮಿಲ್ಲೊಂದರಲ್ಲಿ ಲೆಕ್ಕ ಬರೆಯುವ ಓದುಗರೊಬ್ಬರ ಪತ್ರ ಬಂದಿದೆ. ಮೊದಲ ದಿನ ಒಂದು ಕಾಳು ಭತ್ತ, ಮರುದಿನ ಎರಡು, ಆಮೇಲೆ ನಾಲ್ಕು. ಹೀಗೆ ದಿನಾ ದುಪ್ಪಟ್ಟು ಮಾಡುತ್ತ 31 ದಿನದ್ದು ಕೂಡಿದರೆ 2,14,74,83,647 ಕಾಳು. ಈ ಮೊತ್ತವನ್ನು ನೂರರೊಳಗಿನ ಯಾವ ಸಂಖ್ಯೆಯಿಂದ ಭಾಗಿಸಿದರೂ ಶೇಷ ಉಳಿಯುತ್ತದಂತೆ. ‘31 ಅವಿಭಾಜ್ಯ (1 ಮತ್ತು ತನ್ನನ್ನು ಬಿಟ್ಟರೆ ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆ), ಹಾಗಾಗಿ ಇದೂ ಅವಿಭಾಜ್ಯವೇ ಅಲ್ಲವೆ? 31ರ ಮುಂದೆ ಹೀಗೆ ಯಾವುದಿದೆ?’ ಎಂದು ಕೇಳಿದ್ದಾರೆ.

ಸ್ವಾಮಿ, ಉತ್ತರ ಸರಿ, ಕಾರಣ ಸರಿಯಲ್ಲ. 11 ಕೂಡ ಅವಿಭಾಜ್ಯವೇ. ಆದರೆ 11 ದಿನದ ಮೊತ್ತ 2047ನ್ನು ಒಡೆದರೆ 23, 89 ಸಿಗುತ್ತವೆ. ದಿನಗಳ ಸಂಖ್ಯೆ ಒಡೆಯುವಂಥದ್ದಾದರೆ ಮೊತ್ತವೂ ಖಂಡಿತ ಒಡೆಯುತ್ತದೆ. ಒಡೆಯದಿದ್ದರೆ ಪರೀಕ್ಷಿಸಿಯೇ ತಿಳಿಯಬೇಕು.

ನೀವು ನೂರಕ್ಕೆ ನಿಲ್ಲಿಸಿದಿರಿ. ನೋಡಬೇಕಾದ್ದು ವರ್ಗಮೂಲದವರೆಗೆ, ಅಂದರೆ 46,340ರ ತನಕ. ಅಷ್ಟರೊಳಗೆ ಸುಮಾರು 4,800 ಅವಿಭಾಜ್ಯಗಳಿವೆ. ಅಷ್ಟನ್ನೂ ಕೈಲೆಕ್ಕದಲ್ಲಿ ಮಾಡುತ್ತ ಕೂತರೆ ಮಿಲ್ಲಿನ ಕೆಲಸ ಮಾಡುವವರು ಯಾರು? ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ಗಣಿತಜ್ಞ ಆಯ್ಲರ್ 1772ರಲ್ಲಿ ಇದಕ್ಕೊಂದು ಜರಡಿ ಹಿಡಿದ. 23, 89 ಎರಡನ್ನೂ 22ರಿಂದ, ಅಂದರೆ 11ರ ಇಮ್ಮಡಿಯಿಂದ, ಭಾಗಿಸಿ ನೋಡಿ: ಶೇಷ 1. ಇದು ಕಾಕತಾಳೀಯವಲ್ಲ. ನಿಮ್ಮ ಮೊತ್ತವನ್ನು ಭಾಗಿಸಬಲ್ಲ ಅವಿಭಾಜ್ಯ ಇದ್ದರೆ ಅದೂ 62ಕ್ಕೆ, ಅಂದರೆ 31ರ ಇಮ್ಮಡಿಗೆ, 1 ಶೇಷ ಕೊಡಲೇಬೇಕು. ಜೊತೆಗೆ 8ಕ್ಕೆ 1 ಇಲ್ಲವೇ 7 ಶೇಷ ಕೊಡಬೇಕು. ಎರಡನ್ನೂ ದಾಟುವವು 63, 249, 311, 497, 559... ಇವುಗಳಲ್ಲಿ ಮೊದಲ ಅವಿಭಾಜ್ಯ 311. ಭಾಗಿಸಿದರೆ 69,05,092 ಸಲ ಹೋಗಿ 35 ಉಳಿಯುತ್ತದೆ. ಮುಂದಿನದು ಎಲ್ಲಿ ಗೊತ್ತೆ? ನೇರ 1303. ಅಲ್ಲೂ 226 ಶೇಷ. ಹೀಗೆ ಕೊನೆಮುಟ್ಟುವಷ್ಟರಲ್ಲಿ ನೂರು ಭಾಗಾಕಾರವೂ ಆಗುವುದಿಲ್ಲ, ಒಂದೂ ನಿಶ್ಶೇಷ ಹೋಗುವುದಿಲ್ಲ. ಹಾಗೆ ನೋಡಿದರೆ, ನೂರರೊಳಗೆ ನೀವು ಮಾಡಿದ ಭಾಗಾಕಾರ ಒಂದೂ ಬೇಕಿರಲಿಲ್ಲ! ಆಮೇಲೆ ಹಲವು ದಶಕ ಈ ಮೊತ್ತಕ್ಕಿಂತ ದೊಡ್ಡ ಅವಿಭಾಜ್ಯ ಯಾರಿಗೂ ಸಿಗಲಿಲ್ಲ.

ಅಂದಹಾಗೆ, ಐವತ್ತು ಕಾಳಿಗೆ ಒಂದು ಗ್ರಾಂ ಎಂದು ಹಿಡಿದರೆ ನಿಮ್ಮ ಭತ್ತ 75 ಕಿಲೋದ ಚೀಲದಲ್ಲಿ 570 ಚೀಲ ದಾಟುತ್ತದೆ. ಮಾಲೀಕರೊಡನೆ ಇಂಥ ಪಂದ್ಯ ಕಟ್ಟಬೇಡಿ.

ಕಂಪ್ಯೂಟರಿನವರಿಗೂ ಈ ಸಂಖ್ಯೆ ಗೊತ್ತು. 32 ಬಿಟ್ಟಿನಲ್ಲಿ, ಅಂದರೆ 0 ಇಲ್ಲವೇ 1 ಹಿಡಿಸುವ 32 ಮನೆಗಳಲ್ಲಿ, ಧನ, ಋಣ ಎರಡನ್ನೂ ಇಡುವಾಗ ಹಿಡಿಸುವ ಅತಿ ದೊಡ್ಡ ಸಂಖ್ಯೆ ಇದೇ. 1970ರ ಆರಂಭದಿಂದ ಸೆಕೆಂಡು ಎಣಿಸುವ ಹಳೆಯ ವ್ಯವಸ್ಥೆಗಳಿಗೆ 2038ರ ಜನವರಿ 19ರಂದು, ನಮ್ಮ ಬೆಳಿಗ್ಗೆ 8.44ಕ್ಕೆ, ಜಾಗ ಮುಗಿಯುತ್ತದೆ.

ಇನ್ನು 31ರ ಮುಂದಿನದು. 37 ದಿನದ ಮೊತ್ತ 223ಕ್ಕೆ ಭಾಗವಾಗುತ್ತದೆ. 41, 43, 47, 53, 59 ದಿನದ ಮೊತ್ತಗಳೂ ಒಡೆಯುತ್ತವೆ. ಸಿಗುವುದು 61ಕ್ಕೆ. ಅದನ್ನು 1883ರಲ್ಲಿ ಸಾಧಿಸಿದವರು ರಷ್ಯದ ಪೆರ್ವುಶಿನ್ ಎಂಬ ಪಾದ್ರಿ.