ಯಶಸ್ವಿ ಜೈಸ್ವಾಲ್ ಮುಂಬೈಯಲ್ಲಿ ಮೇಲೆ ಬಂದದ್ದು ಹೇಗೆ?

ಮುಂಬೈನ ಮಾಟುಂಗಾದಲ್ಲಿರುವ ನಿಮ್ಮ ಮಗನಿಗೂ ಜೈಸ್ವಾಲ್ ಥರ ದೊಡ್ಡ ಕ್ರಿಕೆಟಿಗನಾಗುವ ಕನಸು ಅಂದಿರಿ, ಅಲ್ವಾ? ಹಾಗಾದರೆ ಜೈಸ್ವಾಲ್ ಪಾನಿಪುರಿ ಮಾರಿದ ಕಥೆಗಿಂತ ಅವನ ಸ್ಕೋರು ನೋಡಿ. ಉತ್ತರ ಪ್ರದೇಶದ ಭದೋಹಿಯಿಂದ ಬಂದ ಹುಡುಗ ಆಜಾದ್ ಮೈದಾನದ ಟೆಂಟಿನಲ್ಲಿ ಮಲಗುತ್ತಿದ್ದದ್ದು ನಿಜ. ಕೋಚ್ ಜ್ವಾಲಾ ಸಿಂಗ್ ಮನೆಯಲ್ಲಿ ಜಾಗ ಕೊಟ್ಟ ಮೇಲೆ ಆಟಕ್ಕೊಂದು ನೆಲೆ ಸಿಕ್ಕಿತು. ಶಾಲಾ ಹುಡುಗರ ಗೈಲ್ಸ್ ಶೀಲ್ಡ್ ಟೂರ್ನಿಯ ಒಂದೇ ಪಂದ್ಯದಲ್ಲಿ ಔಟಾಗದೆ 319 ರನ್, ಜೊತೆಗೆ 13 ವಿಕೆಟ್!

ನನ್ನ ಪ್ರಕಾರ ದೊಡ್ಡ ತಿರುವು 2019ರ ಅಕ್ಟೋಬರ್‌ನಲ್ಲಿ, ನಮ್ಮ ಬೆಂಗಳೂರಿನ ಆಲೂರಿನಲ್ಲಿ. ರಾಜ್ಯ ತಂಡಗಳ ಏಕದಿನ ಟೂರ್ನಿಯಾದ ವಿಜಯ್ ಹಜಾರೆ ಟ್ರೋಫಿಯಲ್ಲಿ ಜಾರ್ಖಂಡ್ ವಿರುದ್ಧ 154 ಎಸೆತಕ್ಕೆ 203, ಅದರಲ್ಲಿ 12 ಸಿಕ್ಸರ್. ಎದುರಿಗಿದ್ದವರು ವರುಣ್ ಆರನ್, ಶಹಬಾಜ್ ನದೀಮ್‌ರಂಥ ಅನುಭವಿ ಬೌಲರ್‌ಗಳು. ಸುಮ್ನೆ ಬಂದ ರನ್ನಲ್ಲ. ಆಗ ವಯಸ್ಸು ಬರೀ 17. ಡಿಸೆಂಬರ್‌ನಲ್ಲೇ ಐಪಿಎಲ್ ತಂಡ ರಾಜಸ್ಥಾನ್ ರಾಯಲ್ಸ್ ಅವನನ್ನು 2.4 ಕೋಟಿ ರೂಪಾಯಿಗೆ ಕೊಂಡಿತು.