ಟೀಚರಮ್ಮನ ಪ್ರಶ್ನೋತ್ತರ: ಡುಬ್ರೋವ್ನಿಕ್‌ನಲ್ಲಿ ಮೆಲ್ಲಗೆ ನಡೆಯೋದು

ಕ್ರೊಯೇಷಿಯಾ ದೇಶದ ಡುಬ್ರೋವ್ನಿಕ್‌ಗೆ ಮಗಳ ಜೊತೆ ಹೋಗಿ ನಾಲ್ಕು ದಿನ ಇದ್ದು ಬಂದೆ ಅಂತ ಹೋದ ಸಂಚಿಕೆಯಲ್ಲಿ ಎರಡು ಸಾಲು ಬರೆದಿದ್ದೆ, ಅಷ್ಟೇ. ಮಜ್ಜಿಗೆಹುಳಿ ಬಗ್ಗೆ ಬರೆದಾಗ ಬಂದಿದ್ದಕ್ಕಿಂತ ಜಾಸ್ತಿ ಪತ್ರ ಬಂದಿವೆ. ತುಮಕೂರಿನವರಿಗೆ ಸಮುದ್ರದ ಮೇಲೆ ಇಷ್ಟು ಆಸೆ ಇದೆ ಅಂತ ಗೊತ್ತಿರಲಿಲ್ಲ.

ಕ್ಯಾತಸಂದ್ರದಿಂದ ಒಬ್ಬರು ತಾಯಿ: ಮೇಡಂ, ಮಗ ಜರ್ಮನಿಯಲ್ಲಿದ್ದಾನೆ. ಮೇ ತಿಂಗಳಲ್ಲಿ ನಮ್ಮಿಬ್ಬರನ್ನೂ ಎರಡು ದಿನ ಆ ಊರಿಗೆ ಕರ್ಕೊಂಡು ಹೋಗ್ತಾನಂತೆ. ನೋಡಬೇಕಾದ ಹದಿನಾಲ್ಕು ಜಾಗದ ಪಟ್ಟಿ ಕಳಿಸಿದ್ದಾನೆ. ನನಗೆ ಅರವತ್ಮೂರು, ಮಂಡಿ ನೋವು ಬೇರೆ. ಏನು ಮಾಡಲಿ?

ಪಟ್ಟಿ ಮಗನ ಹತ್ತಿರವೇ ಇರಲಿ ತಾಯಿ. ಕೋಟೆಯೊಳಗಿನ ಹಳೇ ಊರು ಚಿಕ್ಕದು. ಸ್ಟ್ರಾಡುನ್ ಅಂತ ನಡುಬೀದಿ, ಸುಮಾರು 300 ಮೀಟರ್. ಎಂ.ಜಿ. ರಸ್ತೆಯಲ್ಲಿ ಬ್ಲೌಸ್ ಪೀಸ್ ಹುಡುಕುತ್ತಾ ಇದಕ್ಕಿಂತ ಜಾಸ್ತಿ ನಡೆದಿರುತ್ತೀರಿ. ಮಂಡಿಗೆ ತೊಂದರೆ ಕೊಡೋದು ಓಣಿಗಳು. ಬೀದಿಯ ಉತ್ತರಕ್ಕೆ ತಿರುಗಿದರೆ ಬರೀ ಮೆಟ್ಟಿಲು. ಆ ಕಡೆ ತಲೆ ಎತ್ತಿ ನೋಡಿ, ಸಾಕು.

ಬೆಳಗ್ಗೆ ಆರೂವರೆಗೇ ಪಿಲೆ ಬಾಗಿಲು ದಾಟಿಬಿಡಿ. ಹಡಗಿನಲ್ಲಿ ಬರುವ ಜನ ಆಮೇಲೆ ತುಂಬಿಕೊಳ್ಳುತ್ತಾರೆ. ಬಾಗಿಲ ಮೇಲಿನ ಗೂಡಿನಲ್ಲಿ ಸಂತ ವ್ಲಾಹೊ ನಿಂತಿದ್ದಾನೆ. ಊರು ಕಾಯುವವನು, ನಮ್ಮಲ್ಲಿ ಊರಮ್ಮ ಇದ್ದ ಹಾಗೆ. ಅವನ ಮೂರ್ತಿ ಊರಲ್ಲಿ ಎಲ್ಲೆಲ್ಲೂ ಇದೆ. ಎಷ್ಟೋ ಕಡೆ ಅಂಗೈ ಮೇಲೆ ಆ ಊರನ್ನೇ ಇಟ್ಟುಕೊಂಡಿರುತ್ತಾನೆ, ಪುಟ್ಟದಾಗಿ, ಗೋಡೆ ಗೋಪುರ ಸಮೇತ. ಫೆಬ್ರವರಿ 3ಕ್ಕೆ ಅವನ ಹಬ್ಬ.

ಒಳಗೆ ಕಾಲಿಟ್ಟರೆ ಬಲಕ್ಕೆ ಗುಮ್ಮಟದಂಥ ದೊಡ್ಡ ಕಾರಂಜಿ. ಒನೋಫ್ರಿಯೊ ಅನ್ನುವ ಇಟಲಿಯವನು 1436ರಲ್ಲಿ ಕೆಲಸ ಶುರು ಮಾಡಿ, ಸುಮಾರು 12 ಕಿ.ಮೀ. ಆಚೆಯ ಬುಗ್ಗೆಯಿಂದ ಕಾಲುವೆ ಕಟ್ಟಿ ನೀರು ತಂದ. ಸುತ್ತ 16 ಕಲ್ಲಿನ ಮುಖ, ಬಾಯಿಂದ ನೀರು. ಈಗಲೂ ಕುಡಿಯಬಹುದು. ನಾಮದ ಚಿಲುಮೆಯಲ್ಲಿ ಬೊಗಸೆ ಒಡ್ಡಿದ ಹಾಗೆ ಒಡ್ಡಿ ಕುಡಿದೆ. ಮಗಳು "ಅಮ್ಮಾ, ಬಾಟಲ್ ಇದೆ" ಅಂತ ಪಿಸುಗುಟ್ಟಿದಳು. ಇರಲಿ ಬಿಡು ಅಂದೆ. ಅಲ್ಲೇ ಮೆಟ್ಟಿಲಿದೆ, ಕೂತುಕೊಳ್ಳಿ. ಹದಿನಾಲ್ಕರಲ್ಲಿ ಇದೊಂದಕ್ಕೇ ಅರ್ಧ ಗಂಟೆ ಕೊಡಿ.

ಕೂತಾಗ ನೆಲ ನೋಡಿ. ಆ ಹೊತ್ತಿನಲ್ಲಿ ಬೀದಿ ಪೂರ್ತಿ ಈಗ ತಾನೆ ತೊಳೆದ ಹಾಗೆ ಹೊಳೆಯುತ್ತದೆ. ಎದುರಿನ ಗಂಟೆಗೋಪುರದ ನೆರಳು ಅದರಲ್ಲಿ ಕಾಣುತ್ತದೆ. ನಾನು ಸೀರೆ ಒದ್ದೆಯಾದೀತು ಅಂತ ನೆರಿಗೆ ಎತ್ತಿ ಹಿಡಿದು ನಡೆದೆ. ಆಮೇಲೆ ಬಗ್ಗಿ ಅಂಗೈ ಇಟ್ಟರೆ, ಒಣಕಲು! ಸುಣ್ಣಕಲ್ಲು, ಜನರ ಕಾಲು ತಾಗಿ ತಾಗಿ ಆದ ನುಣುಪು. ರುಬ್ಬುವ ಕಲ್ಲಿನ ಒಳಗಡೆ ಇರುತ್ತಲ್ಲ, ಹಾಗೆ. ಆದ್ದರಿಂದ ಹವಾಯಿ ಚಪ್ಪಲಿ ಬೇಡ. ಮಳೆ ಬಿದ್ದರಂತೂ ಯಜಮಾನರ ತೋಳು ಹಿಡ್ಕೊಳ್ಳಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಕಾರಂಜಿ ಎದುರಿನ ಫ್ರಾನ್ಸಿಸ್ಕನ್ ಮಠದಲ್ಲಿ 1317ರಲ್ಲಿ ಶುರುವಾದ ಔಷಧದಂಗಡಿ ಇದೆ. ಇನ್ನೂ ವ್ಯಾಪಾರ ನಡೆಯುತ್ತಿದೆ.

ಇನ್ನು ಕೋಟೆ ಗೋಡೆ. ಸುತ್ತಳತೆ 1,940 ಮೀಟರ್. ಒಂದೇ ದಿಕ್ಕಿಗೆ ನಡೆಯಬೇಕು, ಅದೂ ನಮ್ಮ ಪ್ರದಕ್ಷಿಣೆಗೆ ಉಲ್ಟಾ. ಊರು ಎಡಗೈಗೆ, ಸಮುದ್ರ ಬಲಗೈಗೆ. ನಾನು ಮಾಡಿದ ತಪ್ಪು ಹೇಳುತ್ತೇನೆ. ತಿಂಡಿ ಮುಗಿಸಿಕೊಂಡು ಹನ್ನೊಂದಕ್ಕೆ ಹತ್ತಿದೆ. ಮೇಲೆ ನೆರಳು ಅನ್ನೋದೇ ಅಪರೂಪ. ಅರ್ಧ ದಾರಿಯಲ್ಲಿ ನೀರು ಖಾಲಿ, ತಲೆ ಗಿರ್ ಅಂತು. ಒಂದು ಬುರುಜಿನ ಪಕ್ಕ ಅಂಗೈಯಗಲ ನೆರಳಿತ್ತು, ಕುಸಿದು ಕೂತೆ. ಹಾಗೆ ಕೂತಿದ್ದಕ್ಕೇ ಹೆಂಚು ಕಂಡಿದ್ದು ಅನ್ನಿ.

ಕೆಳಗೆ ಪೂರ್ತಿ ಹೆಂಚಿನ ಮನೆಗಳು. ಕೆಲವು ಹೆಂಚು ಮಾಸಲು, ಜೇನು ಬಣ್ಣ, ಅಲ್ಲಲ್ಲಿ ಕಪ್ಪು. ಜಾಸ್ತಿ ಹೆಂಚು ಹೊಸದು, ಕಣ್ಣು ಕುಕ್ಕುವ ಕೇಸರಿ. ಚೆಂದಕ್ಕೆ ಹಾಕಿದ್ದಲ್ಲ. 1991ರಲ್ಲಿ ಯುಗೊಸ್ಲಾವಿಯಾದ ಸೈನ್ಯ ಊರನ್ನು ಮುತ್ತಿಗೆ ಹಾಕಿತ್ತು. ಡಿಸೆಂಬರ್ 6ರಂದು ಗುಂಡಿನ ಸುರಿಮಳೆ. ಆ ಮುತ್ತಿಗೆಯಲ್ಲಿ ಹಳೇ ಊರಿನ 824 ಕಟ್ಟಡಗಳ ಪೈಕಿ 563ಕ್ಕೆ ಏಟು ಬಿತ್ತು. ಕೇಸರಿ ಕಂಡ ಕಡೆಯೆಲ್ಲ ಆವತ್ತು ಸೂರು ಹೋಗಿತ್ತು ಅಂತ ಸುಮಾರಾಗಿ ಲೆಕ್ಕ ಹಾಕಬಹುದು. ಅಂಥ ಒಂದು ಸೂರಿನ ಕೆಳಗೆ ಯಾರೋ ಅಜ್ಜಿ ಟವೆಲ್ ಒಣಗಿಸುತ್ತಿದ್ದರು. ಪ್ರವಾಸಿಗರು ತನ್ನ ಬಟ್ಟೆ ಹಗ್ಗದ ಫೋಟೊ ತೆಗೆಯೋದು ಅಭ್ಯಾಸವಾಗಿದೆ ಅನ್ನುವ ಮುಖ.

ನಿಮ್ಮ ಮಂಡಿಗೆ ಸಮುದ್ರದ ಕಡೆಯ ಅರ್ಧ ಸಾಕು. ಹಳೇ ಬಂದರಿನ ಹತ್ತಿರ ಇಳಿದುಬಿಡಿ. ಮಿನ್ಚೆಟಾ ಗೋಪುರ ತುತ್ತತುದಿಯಲ್ಲಿದೆ, ಅದನ್ನು ಮಗ ಹತ್ತಿ ಬರಲಿ. ನೀವು ಬಂದರಿನಲ್ಲಿ ಕೂತು ಬೆಕ್ಕುಗಳನ್ನು ಎಣಿಸಿ.

ಶಿರಾದಿಂದ ನನ್ನ ಹಳೇ ವಿದ್ಯಾರ್ಥಿ: ಮಿಸ್, ಆ ಕೋಟೆ ಗಟ್ಟಿನೋ, ನಮ್ಮ ಮಧುಗಿರಿ ಕೋಟೆ ಗಟ್ಟಿನೋ?

ನೀನು ಹತ್ತನೇ ಕ್ಲಾಸಿನಲ್ಲೂ ಹೀಗೇ ಕೇಳುತ್ತಿದ್ದೆ. ಮಧುಗಿರಿಯಲ್ಲಿ ಬೆಟ್ಟದ ಬಂಡೆಯೇ ಮುಕ್ಕಾಲು ಗೋಡೆ. ಡುಬ್ರೋವ್ನಿಕ್‌ನಲ್ಲಿ ಎಲ್ಲ ಮನುಷ್ಯರು ಕಟ್ಟಿದ್ದು, ಕೆಲವೆಡೆ 25 ಮೀಟರ್ ಎತ್ತರ. ಭೂಮಿ ಕಡೆ 4ರಿಂದ 6 ಮೀಟರ್ ದಪ್ಪ, ಸಮುದ್ರದ ಕಡೆ ಅದಕ್ಕಿಂತ ತೆಳು. ಭಯ ಯಾವ ಕಡೆಯಿಂದ ಜಾಸ್ತಿ ಇತ್ತು ಅಂತ ದಪ್ಪದಲ್ಲೇ ಗೊತ್ತಾಗುತ್ತೆ, ಅಲ್ವಾ?

ನನಗೆ ಮಜಾ ಅನಿಸಿದ್ದು ಪಕ್ಕದ ಬಂಡೆ ಮೇಲಿನ ಲೊವ್ರಿಯೆನಾಟ್ಸ್ ಕೋಟೆ. ಹೊರಗಡೆ ಗೋಡೆ 12 ಮೀಟರ್‌ವರೆಗೂ ದಪ್ಪ. ಊರಿಗೆ ಮುಖ ಮಾಡಿದ ಗೋಡೆ ಬರೀ 60 ಸೆಂ.ಮೀ. ಯಾಕೆ ಹೇಳು? ಕೋಟೆಯೊಳಗಿನ ದಳವಾಯಿಯೇ ತಿರುಗಿ ಬಿದ್ದರೆ ಊರವರು ಈ ಕಡೆಯಿಂದ ಹೊಡೆದು ಕೆಡವಬೇಕಲ್ಲ! ಆ ಜನ ಯಾರನ್ನೂ ಜಾಸ್ತಿ ನಂಬುತ್ತಿರಲಿಲ್ಲ. ಅವರದು ರಾಜನಿಲ್ಲದ ಗಣರಾಜ್ಯ. ರೆಕ್ಟರ್ ಅನ್ನುವ ಮುಖ್ಯಸ್ಥನಿಗೆ ಒಂದೇ ತಿಂಗಳ ಅಧಿಕಾರ, ಆ ತಿಂಗಳು ಸರ್ಕಾರಿ ಕೆಲಸಕ್ಕೆ ಬಿಟ್ಟರೆ ಅರಮನೆ ದಾಟುವ ಹಾಗಿಲ್ಲ. ಮಹಾಸಭೆಯ ಬಾಗಿಲ ಮೇಲೆ ಲ್ಯಾಟಿನ್‌ನಲ್ಲಿ ಕೆತ್ತಿದ್ದರು: ಮನೆ ಕೆಲಸ ಮರೆತು ಊರ ಕೆಲಸ ನೋಡಿ.

ಇಷ್ಟೆಲ್ಲ ಗೋಡೆ ಇದ್ದರೂ ಊರನ್ನು ಉಳಿಸಿದ್ದು ಗೋಡೆಗಿಂತ ಕಪ್ಪ ಅಂತ ನನ್ನ ಲೆಕ್ಕ. ಆಟೊಮನ್ ಸುಲ್ತಾನರಿಗೆ ವರ್ಷ ವರ್ಷ 12,500 ಚಿನ್ನದ ನಾಣ್ಯ ಕಟ್ಟಿ, ಅವರದೇ ನಾಡಿನಲ್ಲಿ ವ್ಯಾಪಾರ ಮಾಡಿಕೊಂಡು ಹಾಯಾಗಿದ್ದರು. ನಮ್ಮ ಪಾಳೇಗಾರರಿಗೂ ಗೊತ್ತಿದ್ದ ವಿದ್ಯೆ ಅದು. ಕೊನೆಗೆ 1806ರಲ್ಲಿ ನೆಪೋಲಿಯನ್ನನ ಸೈನ್ಯ ಒಳಗೆ ಬಂತು. 1808ರಲ್ಲಿ ಗಣರಾಜ್ಯ ಮುಗಿಯಿತು. ಇನ್ನೊಂದು ಬರೆದುಕೋ: ಪ್ಲೇಗ್ ಭಯಕ್ಕೆ ಹೊರಗಿನಿಂದ ಬಂದವರನ್ನು ಒಂದು ತಿಂಗಳು ದೂರ ಇಡುವ ಕಾನೂನು ಮಾಡಿದ ಊರೂ ಅದೇ, 1377ರಲ್ಲಿ. ನಾವು ಕೊರೊನಾ ಕಾಲದಲ್ಲಿ ಹದಿನಾಲ್ಕು ದಿನಕ್ಕೇ ಒದ್ದಾಡಿದ್ವಿ.

ತಿಪಟೂರಿನಿಂದ: ಸಸ್ಯಾಹಾರಿಗಳಿಗೆ ಊಟ ಸಿಗುತ್ತಾ?

ಬ್ಲಿಟ್ವಾ ಅಂತ ಕೇಳಿ. ಸೊಪ್ಪು, ಆಲೂಗಡ್ಡೆ, ಬೆಳ್ಳುಳ್ಳಿ, ಆಲಿವ್ ಎಣ್ಣೆ. ನಮ್ಮ ಸೊಪ್ಪಿನ ಪಲ್ಯದ ದೂರದ ಸೋದರತ್ತೆ. ಗುಂಡುಲಿಚ್ ಚೌಕದಲ್ಲಿ ಬೆಳಗ್ಗೆ ಸಂತೆ ಇರುತ್ತೆ, ಒಣ ಅಂಜೂರ ತಗೊಳ್ಳಿ. ರೊಜಾಟಾ ಅನ್ನುವ ಸಿಹಿಯಲ್ಲಿ ಮೊಟ್ಟೆ ಇರುತ್ತೆ, ಜೋಪಾನ. ಚಟ್ನಿಪುಡಿ ಒಯ್ಯುವುದು ಹೇಗೂ ಬಿಡಲ್ಲ, ಅದಕ್ಕೆ ನನ್ನನ್ನು ಯಾಕೆ ಕೇಳುತ್ತೀರಿ?

ಕೊರಟಗೆರೆಯಿಂದ: ಕ್ರೊಯೇಷಿಯಾದ್ದೇ ಇನ್ನೊಂದು ಊರು ಸ್ಪ್ಲಿಟ್‌ನಿಂದ ಕಾರಿನಲ್ಲಿ ಹೋದರೆ ನಡುವೆ ಬೇರೆ ದೇಶ ದಾಟಬೇಕಂತೆ, ನಿಜವೇ?

ಮೊದಲು ಬೋಸ್ನಿಯಾದ ಒಂದು ಚೂರು ದಾಟಬೇಕಿತ್ತು. 2022ರ ಜುಲೈನಲ್ಲಿ ಪೆಲ್ಯೆಶಾಟ್ಸ್ ಸೇತುವೆ ತೆರೆದ ಮೇಲೆ ಬೇಕಿಲ್ಲ. 2023ರಿಂದ ಯೂರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗನ್ ವೀಸಾ ಅಲ್ಲಿಗೂ ನಡೆಯುತ್ತದೆ, ದುಡ್ಡೂ ಯೂರೊ.

ಗುಬ್ಬಿಯಿಂದ: ಅಲ್ಲಿ ನೋಡಿದ್ದರಲ್ಲಿ ಊರಿಗೆ ಬಂದ ಮೇಲೂ ತಲೆಯಲ್ಲಿ ಉಳಿದಿದ್ದು ಯಾವುದು?

ಮೊಳ! ಸ್ಟ್ರಾಡುನ್ ಕೊನೆಯಲ್ಲಿ ಕಂಬಕ್ಕೆ ಒರಗಿದ ವೀರ ಒರ್ಲಾಂಡೊ ಇದ್ದಾನೆ, 1418ರ ಕೆತ್ತನೆ. ಅವನ ಮುಂಗೈ ಉದ್ದವೇ ಬಟ್ಟೆ ವ್ಯಾಪಾರಿಗಳ ಅಳತೆ, 51 ಸೆಂ.ಮೀ. ಚಿಲ್ಲರೆ. ಯಾರಿಗೆ ಅನುಮಾನ ಬಂದರೂ ಆ ಕಲ್ಲಿನ ಕೈಯೇ ಸಾಕ್ಷಿ.

ಊರಿಗೆ ಬಂದ ವಾರ ಹೂವು ತರಲು ಹೋದಾಗ ಬ್ಯಾಗಿನಲ್ಲಿ ಟೈಲರ್ ಟೇಪ್ ಇತ್ತು. ಸುಮ್ನೆ ತೆಗೆದು ಹೂವಿನವಳ ಮೊಣಕೈಯಿಂದ ಬೆರಳ ತುದಿಗೆ ಹಿಡಿದೆ. 41. "ಏನ್ ಮಿಸ್, ಇಷ್ಟು ವರ್ಷ ಆದ್ಮೇಲೆ ಅನುಮಾನಾನಾ?" ಅಂತ ಮುಖ ಊದಿಸಿಕೊಂಡು ಇನ್ನೊಂದು ಗೇಣು ಕನಕಾಂಬರ ಸುತ್ತಿ ಕೊಟ್ಟಳು. ಅದಕ್ಕೂ ದುಡ್ಡು ತಗೊಂಡಳು.